ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಗಾಡಿ: ಕೊಳ್ಳುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ವಾರದಲ್ಲಿ ಐದು ದಿನ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಾಡಿ ಓಡಿಸುತ್ತೇನೆ, ತಿಂಗಳಿಗೆ ಎರಡು ಸಲ ಸಕಲೇಶಪುರದ ಕಡೆ ಇರುವ ನಮ್ಮ ತೋಟಕ್ಕೆ ಹೋಗುತ್ತೇನೆ. ಕೊನೆಯ ಮೂರು ಕಿಲೋಮೀಟರ್ ಮಣ್ಣು ದಾರಿ. ಜೂನ್ ಬಂತೆಂದರೆ ಅದು ದಾರಿಯೂ ಅಲ್ಲ, ಹಳ್ಳವೂ ಅಲ್ಲ, ಎರಡರ ನಡುವಿನ ಏನೋ ಒಂದು. ಹಾಗಾಗಿ ಇಷ್ಟು ವರ್ಷದಲ್ಲಿ ಹಳೇ ಫೋರ್ ಬೈ ಫೋರ್ ಗಾಡಿ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು) ಕೊಂಡು, ಮಾರಿ, ಮೋಸ ಹೋಗಿ, ಕಲಿತು ಈಗ ನೆಂಟರು ಸ್ನೇಹಿತರೆಲ್ಲ ನನಗೇ ಫೋನ್ ಮಾಡಿ ಕೇಳುತ್ತಾರೆ. ಪ್ರತಿ ಸಲ ಅದನ್ನೇ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನನಗೆ ನಿಜವಾಗಲೂ ಫೋರ್ ಬೈ ಫೋರ್ ಬೇಕಾ?

ಹತ್ತರಲ್ಲಿ ಆರು ಜನಕ್ಕೆ ಬೇಡ ಅನ್ನುತ್ತೇನೆ. ಹೋಂಸ್ಟೇಗೆ ಹೋಗುವ ಕಲ್ಲು ದಾರಿ, ಹಳ್ಳಿಯ ಗುಂಡಿ ರಸ್ತೆ, ಒಣಗಿದ ಮಣ್ಣು ದಾರಿ ಇಷ್ಟೇ ಆದರೆ ನೆಲದಿಂದ ಎತ್ತರ ಇರುವ ಯಾವುದೇ ಗಾಡಿ ಸಾಕು. ನಮ್ಮೂರಿನ ಮಾಸ್ತರರೊಬ್ಬರು ಹಳೇ ಬೊಲೆರೋದಲ್ಲಿ, ಬರೀ ಹಿಂದಿನ ಚಕ್ರದ ಬಲದಲ್ಲಿ, ಇಪ್ಪತ್ತು ಮಳೆಗಾಲ ಕಳೆದಿದ್ದಾರೆ.

ಫೋರ್ ಬೈ ಫೋರ್ ಬೇಕಾಗುವುದು ಮೂರು ಕಡೆ. ಒದ್ದೆಯಾದ ಕೆಂಪು ಮಣ್ಣಿನ ಏರು. ಉತ್ತರ ಕರ್ನಾಟಕದ ಎರೆಮಣ್ಣು, ಅದು ಒಂದು ಮಳೆ ಬಿದ್ದರೆ ಟೈರಿಗೆ ಅಂಟಿಕೊಂಡು ಚಕ್ರವನ್ನೇ ಲಡ್ಡು ಮಾಡುತ್ತದೆ. ಮತ್ತೆ ಸಡಿಲ ಮರಳು. ವರ್ಷಕ್ಕೆ ನಾಲ್ಕೈದು ಸಲವಾದರೂ ಇವುಗಳಲ್ಲಿ ಒಂದಕ್ಕೆ ಹೋಗುತ್ತೀರಾ? ಹಾಗಾದರೆ ಮುಂದೆ ಓದಿ. ಇಲ್ಲ, ನೋಡೋಕೆ ಚೆನ್ನಾಗಿದೆ ಅಂತ ಕೊಳ್ಳುವುದಾದರೆ ಅದೂ ತಪ್ಪಲ್ಲ. ಆದರೆ ಖರ್ಚು ಜಾಸ್ತಿ ಅನ್ನುವುದು ಗೊತ್ತಿರಲಿ.

ಎಡಬ್ಲ್ಯೂಡಿ (ಆಲ್ ವೀಲ್ ಡ್ರೈವ್), ಫೋರ್ ಬೈ ಫೋರ್ ಎರಡೂ ಒಂದೇ ಅಲ್ವಾ?

ಅಲ್ಲ. ಹಳೇ ಮಾದರಿಯ ಫೋರ್ ಬೈ ಫೋರ್‌ನಲ್ಲಿ ಗೇರ್‌ಬಾಕ್ಸ್‌ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಡಬ್ಬ ಇರುತ್ತದೆ. ಮಾಮೂಲಿ ದಿನ ಬಲವೆಲ್ಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಲಿವರ್ ಎಳೆದಾಗ ಮುಂದಿನ ಚಕ್ರಕ್ಕೂ ಸೇರಿಕೊಳ್ಳುತ್ತದೆ. ಜೊತೆಗೆ 'ಲೋ' ಅಂತ ಒಂದು ಹಲ್ಲು, ಅಂದರೆ ನಿಧಾನದ ಗೇರ್, ಇರುತ್ತದೆ. ಅದರಲ್ಲಿ ಗಾಡಿ ನಡೆಯುವ ವೇಗದಲ್ಲಿ ಹೋಗುತ್ತದೆ, ಬಲ ಮಾತ್ರ ಎರಡರಷ್ಟು ಸಿಗುತ್ತದೆ. ಥಾರ್, ಜಿಮ್ನಿ, ಜಿಪ್ಸಿ, ಗೂರ್ಖಾ ಎಲ್ಲ ಈ ಜಾತಿ.

ಎಡಬ್ಲ್ಯೂಡಿಯಲ್ಲಿ ಗಾಡಿಯೇ ನೋಡಿಕೊಂಡು, ಚಕ್ರ ಜಾರಿದಾಗ ಉಳಿದ ಎರಡು ಚಕ್ರಕ್ಕೆ ಬಲ ಕಳಿಸುತ್ತದೆ. ಲೋ ಹಲ್ಲು ಇರುವುದಿಲ್ಲ. ಡಸ್ಟರ್, ಹೆಕ್ಸಾ, ಎಕ್ಸ್‌ಯುವಿ 500 ಇವುಗಳ ಎಡಬ್ಲ್ಯೂಡಿ ಮಾದರಿಗಳು ಈ ಗುಂಪಿನವು.

ನಿಮ್ಮ ದಾರಿಯಲ್ಲಿ ಕಡಿದಾದ ಇಳಿಜಾರು ಇದೆಯಾ ಅನ್ನುವುದೇ ಇಲ್ಲಿ ಮುಖ್ಯ. ಏರುವುದಕ್ಕಿಂತ ಇಳಿಯುವಾಗ ಲೋ ಹಲ್ಲಿನ ಬೆಲೆ ಗೊತ್ತಾಗುತ್ತದೆ. ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಒದ್ದೆ ಮಣ್ಣಿನಲ್ಲಿ ಬ್ರೇಕ್ ಒತ್ತಿ ಪಕ್ಕದ ಕಾಫಿ ಗಿಡಗಳ ಮೇಲೆ ಜಾರಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಗಾಡಿ ಹಿಂದೆ ಫೋರ್ ಬೈ ಫೋರ್ ಅಂತ ಬರೆದಿದೆ, ಸಾಕಲ್ವಾ?

ಆ ಬ್ಯಾಡ್ಜ್ ಜೆಸಿ ರೋಡಿನ ಯಾವ ಅಂಗಡಿಯಲ್ಲಿ ಕೇಳಿದರೂ ಸಿಗುತ್ತದೆ.

ಒಂದೇ ಹೆಸರಿನ ಗಾಡಿ ಎರಡು ರೀತಿ ಬರುವುದರಿಂದಲೇ ಜನ ಹೆಚ್ಚು ಮೋಸ ಹೋಗುವುದು. 2023ರ ಜನವರಿಯಿಂದ ಥಾರ್ ಬರೀ ಹಿಂದಿನ ಚಕ್ರದ ಮಾದರಿಯಲ್ಲೂ ಬರುತ್ತಿದೆ. ಹೊರಗಿನಿಂದ ಎರಡೂ ಒಂದೇ ಥರ. ಒಳಗೆ ಗೇರ್ ಲಿವರ್ ಪಕ್ಕ ಎರಡನೇ ಚಿಕ್ಕ ಲಿವರ್ ಇಲ್ಲದಿದ್ದರೆ ಅದು ಫೋರ್ ಬೈ ಫೋರ್ ಅಲ್ಲ. ಸ್ಕಾರ್ಪಿಯೋದಲ್ಲಿ ಕೆಲವು ಮಾತ್ರ ಫೋರ್ ಬೈ ಫೋರ್. 2022ರಲ್ಲಿ ಬಂದ ಸ್ಕಾರ್ಪಿಯೋ ಕ್ಲಾಸಿಕ್‌ನಲ್ಲಿ ಅದು ಇಲ್ಲವೇ ಇಲ್ಲ. ಸ್ಕಾರ್ಪಿಯೋ ಎನ್‌ನಲ್ಲಿ ಡೀಸೆಲ್‌ಗೆ ಮಾತ್ರ ಇದೆ. ಟಾಟಾ ಸಫಾರಿಯ ಕಥೆ ಇನ್ನೂ ಗೊಂದಲ. ಹಳೇ ಸಫಾರಿ, ಸ್ಟಾರ್ಮ್‌ಗಳಲ್ಲಿ ಫೋರ್ ಬೈ ಫೋರ್ ಸಿಗುತ್ತಿತ್ತು. 2021ರ ಹೊಸ ಸಫಾರಿ ಮುಂದಿನ ಚಕ್ರದ ಗಾಡಿ.

ನನ್ನ ಮೊದಲ ಜಿಪ್ಸಿಯ ವಿಷಯ ಹೇಳುತ್ತೇನೆ. ಒಬ್ಬ ಡೀಲರ್ ಹತ್ತಿರ ಕೊಂಡೆ. ಲಿವರ್ ಇತ್ತು. ಎಳೆದರೆ ಡ್ಯಾಶ್‌ಬೋರ್ಡ್‌ನಲ್ಲಿ ದೀಪವೂ ಹತ್ತುತ್ತಿತ್ತು. ನಾನು ಖುಷಿಯಾಗಿ ಮನೆಗೆ ತಂದೆ. ಮೊದಲ ಮಳೆಗೆ ತೋಟದ ಗೇಟಿನ ಏರಿನಲ್ಲಿ ಹಿಂದಿನ ಚಕ್ರ ಸುತ್ತುತ್ತಾ ನಿಂತಿತು. ಮುಂದಿನದು ಮಿಸುಕಲಿಲ್ಲ. ಪಕ್ಕದ ಎಸ್ಟೇಟಿನ ಜೀಪ್ ಡ್ರೈವರ್ ಬಂದು, ಕೆಸರಲ್ಲೇ ಮಂಡಿಯೂರಿ ಕೆಳಗೆ ಬಗ್ಗಿ ನೋಡಿದ. ಎದ್ದು ನಗು ತಡೆದುಕೊಳ್ಳುತ್ತಾ, "ಅಣ್ಣ, ಮುಂದಿನ ಶಾಫ್ಟೇ ಇಲ್ವಲ್ಲ" ಅಂದ. ಮೈಲೇಜ್ ಸಿಗಲಿ ಅಂತಲೋ, ಸದ್ದು ಬರುತ್ತದೆ ಅಂತಲೋ, ಯಾರೋ ಮುಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ ಗುಜರಿಗೆ ಹಾಕಿದ್ದರು. ದೀಪ ಹತ್ತುವುದು ಟ್ರಾನ್ಸ್‌ಫರ್ ಕೇಸಿನ ಒಂದು ಸ್ವಿಚ್‌ನಿಂದ. ಶಾಫ್ಟ್ ಇದೆಯೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಅವತ್ತಿನಿಂದ ಯಾವ ಗಾಡಿ ನೋಡಲು ಹೋದರೂ ಮೊದಲು ಕೆಳಗೆ ಮಲಗಿ ನೋಡುತ್ತೇನೆ. ನೀವೂ ಒಂದು ಹಳೇ ಚಾಪೆ ತೆಗೆದುಕೊಂಡು ಹೋಗಿ.

ಯಾವ ಗಾಡಿ ಒಳ್ಳೆಯದು? ಒಂದೇ ಹೆಸರು ಹೇಳಿ.

ಒಂದೇ ಹೆಸರು ಹೇಳಲು ಆಗುವುದಿಲ್ಲ. ಒಂದೊಂದಾಗಿ ನೋಡೋಣ.

ಮಾರುತಿ ಜಿಪ್ಸಿ. 1985ರಲ್ಲಿ ಸಾವಿರ ಸಿಸಿಗಿಂತ ಚಿಕ್ಕ ಎಂಜಿನ್‌ನೊಂದಿಗೆ ಬಂತು. 1996ರಲ್ಲಿ 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್, ಆಮೇಲೆ ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್. ಸುಮಾರು ಒಂದು ಟನ್ ತೂಗುವ ಹಗುರ ಗಾಡಿ, ಹಾಗಾಗಿ ಹೂತುಕೊಳ್ಳುವುದೇ ಕಡಿಮೆ. ಕೊಂಡರೆ ಎಂಪಿಎಫ್‌ಐ ಎಂಜಿನ್‌ನದ್ದೇ ಕೊಳ್ಳಿ. ಕಾರ್ಬ್ಯುರೇಟರ್ ಕಾಲದ್ದು ಪ್ರೀತಿ ಇರುವವರಿಗೆ ಮಾತ್ರ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಸ್ಪೀಡ್ ಬ್ರೇಕರ್ ಹಾರಿಸಿದರೆ ಬೆನ್ನು ಲೆಕ್ಕ ಕೇಳುತ್ತದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ದಿನನಿತ್ಯದ ಗಾಡಿಯಾಗಿ ನಾನು ಹೇಳುವುದಿಲ್ಲ. ತೋಟಕ್ಕೆ ಅಂತ ಎರಡನೇ ಗಾಡಿಯಾದರೆ ಇದರಂಥದ್ದು ಇಲ್ಲ.

ಹಳೇ ಥಾರ್, 2010ರಿಂದ 2020ರವರೆಗಿನದ್ದು. 2.5 ಲೀಟರ್ ಸಿಆರ್‌ಡಿಇ (ಕಾಮನ್ ರೈಲ್ ಡೀಸೆಲ್) ಎಂಜಿನ್ ಗಟ್ಟಿ. ಮೆಕ್ಯಾನಿಕ್ ಎಲ್ಲ ಊರಲ್ಲೂ ಸಿಗುತ್ತಾನೆ, ಸಾಮಾನೂ ಸಿಗುತ್ತದೆ. ಎರಡು ಕಾಯಿಲೆ ಇದೆ. ಒಂದು ತುಕ್ಕು. ಇನ್ನೊಂದು ಮುಂದಿನ ವ್ಯಾಕ್ಯೂಮ್ ಹಬ್. ಎಂಜಿನ್‌ನಿಂದ ರಬ್ಬರ್ ಪೈಪ್‌ನಲ್ಲಿ ಹೋಗುವ ವ್ಯಾಕ್ಯೂಮ್ ಮುಂದಿನ ಚಕ್ರಗಳನ್ನು ಲಾಕ್ ಮಾಡಬೇಕು. ಪೈಪ್ ಬಿರುಕು ಬಿಟ್ಟರೆ ಲಾಕ್ ಆಗುವುದಿಲ್ಲ. ಎಷ್ಟೋ ಜನ ಅದನ್ನು ಕಿತ್ತು ಕೈಯಲ್ಲಿ ತಿರುಗಿಸುವ ಹಬ್ ಹಾಕಿಸಿಕೊಂಡಿರುತ್ತಾರೆ. ಅಂಥ ಗಾಡಿ ಸಿಕ್ಕರೆ ಬೇಡ ಅನ್ನಬೇಡಿ, ಅದು ಅನುಭವ ಇರುವವನ ಗಾಡಿ. 2015ರ ಬದಲಾವಣೆಯ ನಂತರದ್ದರಲ್ಲಿ ಹಿಂದೆ ಲಾಕ್ ಆಗುವ ಡಿಫರೆನ್ಷಿಯಲ್ (ಎಡ ಬಲ ಚಕ್ರಕ್ಕೆ ಬಲ ಹಂಚುವ ಗೇರ್ ಡಬ್ಬ) ಇದೆ, ಒಂದು ಚಕ್ರ ಜಾರಿದರೂ ಇನ್ನೊಂದು ಎಳೆಯುತ್ತದೆ. ಹುಡುಕಿದರೆ ಅದನ್ನೇ ಹುಡುಕಿ. ಡಿಐ ಅನ್ನುವ ಹಳೇ ಮಾದರಿ ಡೀಸೆಲ್ ಎಂಜಿನ್‌ನ ಥಾರ್, ಬರೀ ಹಿಂದಿನ ಚಕ್ರಕ್ಕೆ ಬಲ ಹೋಗುವಂಥದ್ದೂ ಇತ್ತು, ನೋಡಿಕೊಳ್ಳಿ.

ಹೊಸ ಥಾರ್ 2020ರ ಅಕ್ಟೋಬರ್ 2ಕ್ಕೆ ಬಂತು. ಊರಿಗೂ ಕಾಡುದಾರಿಗೂ ಹೊಂದುವ ಗಾಡಿ. ನೆಲದಿಂದ 226 ಮಿಲಿಮೀಟರ್ ಎತ್ತರ, 2 ಲೀಟರ್ ಪೆಟ್ರೋಲ್ ಅಥವಾ 2.2 ಲೀಟರ್ ಡೀಸೆಲ್, ಗ್ಲೋಬಲ್ ಎನ್‌ಸಿಎಪಿಯ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ನಾಲ್ಕು ಸ್ಟಾರ್. ಹಿಂದಿನ ಸೀಟಿಗೆ ಅತ್ತೆ ಮಾವನನ್ನು ಹತ್ತಿಸುವುದು ಒಂದು ಸಾಹಸ. ಲಾಕ್ ಆಗುವ ಡಿಫರೆನ್ಷಿಯಲ್ ಎಲ್ಲ ವೇರಿಯಂಟಿನಲ್ಲೂ ಇರುವುದಿಲ್ಲ. ಹೋಟೆಲ್, ರೆಸಾರ್ಟ್‌ಗಳು ಬಾಡಿಗೆಗೆ ಓಡಿಸಿದ ಥಾರ್‌ಗಳು ಮಾರ್ಕೆಟ್‌ಗೆ ತುಂಬಾ ಬರುತ್ತಿವೆ. ಅವುಗಳಿಂದ ದೂರ ಇರಿ.

ಜಿಮ್ನಿ. ಐದು ಬಾಗಿಲಿನದ್ದು 2023ರ ಜೂನ್‌ನಲ್ಲಿ ಬಂತು. ಊರಲ್ಲೇ ಜಾಸ್ತಿ ಓಡಿಸುವವರಿಗೆ ನನ್ನ ಮೊದಲ ಆಯ್ಕೆ ಇದೇ. ನಾಲ್ಕು ಮೀಟರಿನ ಒಳಗೆ ಉದ್ದ, ಸಣ್ಣ ಗಲ್ಲಿಯಲ್ಲೂ ತಿರುಗುತ್ತದೆ, ಪಾರ್ಕಿಂಗ್ ಸುಲಭ. ಇಲ್ಲಿ ಮಾರಿದ ಪ್ರತಿ ಜಿಮ್ನಿಯಲ್ಲೂ ಫೋರ್ ಬೈ ಫೋರ್, ಲೋ ಹಲ್ಲು ಎರಡೂ ಇದೆ. ಹಾಗಾಗಿ ಬ್ಯಾಡ್ಜ್ ಮೋಸಕ್ಕೆ ಜಾಗವೇ ಇಲ್ಲ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ 1.5 ಲೀಟರ್ ಪೆಟ್ರೋಲ್ ಎಂಜಿನ್ ಸ್ವಲ್ಪ ಏದುಸಿರು ಬಿಡುತ್ತದೆ. ಡಿಕ್ಕಿ ಚಿಕ್ಕದು. ಎರಡು ಬಾಳೆಗೊನೆ, ಒಂದು ಮೂಟೆ ಅಕ್ಕಿ ಇಟ್ಟರೆ ತುಂಬಿತು.

ಡಸ್ಟರ್ ಎಡಬ್ಲ್ಯೂಡಿ. ಇದನ್ನು ಜನ ಮರೆತೇಬಿಟ್ಟಿದ್ದಾರೆ, ಅದಕ್ಕೇ ಕಡಿಮೆ ಬೆಲೆಗೆ ಸಿಗುತ್ತದೆ. 2014ರಲ್ಲಿ ಬಂತು, ಬಿಎಸ್-6 ಅನ್ನುವ ಹೊಗೆ ನಿಯಮ ಬಂದಾಗ ನಿಂತಿತು. 1.5 ಲೀಟರ್ ಡೀಸೆಲ್, ಆರು ಗೇರ್, ಹಿಂದಿನ ಸಸ್ಪೆನ್ಷನ್ ಕೂಡ ಬಿಡಿಬಿಡಿ ಇರುವುದರಿಂದ ಗುಂಡಿ ರಸ್ತೆಯಲ್ಲಿ ತೇಲಿದ ಹಾಗೆ ಹೋಗುತ್ತದೆ. ಲೋ ಹಲ್ಲು ಇಲ್ಲ, ಆದರೆ ಮೊದಲ ಗೇರನ್ನೇ ತುಂಬಾ ಗಿಡ್ಡ ಮಾಡಿದ್ದಾರೆ. ಸಂಸಾರ ಸಮೇತ ಹೋಗುವವರಿಗೆ, ಕಡಿದಾದ ದಾರಿ ಇಲ್ಲದವರಿಗೆ ಸರಿ. ಕೊಳ್ಳುವ ಮುಂಚೆ ನಿಮ್ಮ ಊರಲ್ಲಿ ರೆನೋ ಕಂಪನಿಯ ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳಿಕೊಳ್ಳಿ.

ಗೂರ್ಖಾ. ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್ ಲಾಕ್ ಆಗುತ್ತದೆ. ಕೆಸರಲ್ಲಿ ಆನೆ. ಎತ್ತರ ಎರಡು ಮೀಟರಿಗಿಂತ ಜಾಸ್ತಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಬಾಗಿಲಲ್ಲಿ ಬರೆದಿರುವ ಅಳತೆ ಓದಿಕೊಂಡು ಆಮೇಲೆ ಟೋಕನ್ ದುಡ್ಡು ಕೊಡಿ. ನಮ್ಮ ಪರಿಚಯದವರೊಬ್ಬರು ಎರಡು ವರ್ಷದಿಂದ ರಸ್ತೆಯಲ್ಲಿ ನಿಲ್ಲಿಸುತ್ತಿದ್ದಾರೆ.

ಫಾರ್ಚೂನರ್, ಎಂಡೆವರ್, ಪಜೆರೋ ಸ್ಪೋರ್ಟ್. ಕೊಳ್ಳುವ ಬೆಲೆ ಇಳಿದಿರಬಹುದು, ಸಾಮಾನಿನ ಬೆಲೆ ಇಳಿದಿಲ್ಲ. ಅಷ್ಟೇ ಹೇಳುತ್ತೇನೆ.

ಪೆಟ್ರೋಲಾ, ಡೀಸೆಲ್ಲಾ?

ಬಿಎಸ್-4 ಕಾಲದಲ್ಲಿ ಕೇಳಿದ್ದರೆ ಕಣ್ಣು ಮುಚ್ಚಿ ಡೀಸೆಲ್ ಅನ್ನುತ್ತಿದ್ದೆ. ಈಗ ಹಾಗಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಜರಡಿ ಇದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ತುಂಬಿದ ಮೇಲೆ ಅದನ್ನು ಸುಡಬೇಕು. ಸುಡಲು ಬಿಸಿ ಬೇಕು. ಬಿಸಿಯಾಗಲು ಗಾಡಿ ನಿಲ್ಲದೆ ಹದಿನೈದಿಪ್ಪತ್ತು ನಿಮಿಷ ಒಳ್ಳೇ ವೇಗದಲ್ಲಿ ಓಡಬೇಕು. ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್, ಅದೂ ಸಿಲ್ಕ್ ಬೋರ್ಡ್ ದಾಟಿಕೊಂಡು ಹೋಗುವವನಿಗೆ ಆ ಬಿಸಿ ಎಲ್ಲಿಂದ ಬರಬೇಕು? ದೀಪ ಹತ್ತುತ್ತದೆ, ಎಳೆತ ಬಿದ್ದುಹೋಗುತ್ತದೆ, ಕೊನೆಗೆ ಸರ್ವಿಸ್ ಸೆಂಟರಿನಲ್ಲಿ ದೊಡ್ಡ ಬಿಲ್.

ಹಾಗಾಗಿ ಊರಲ್ಲೇ ಜಾಸ್ತಿ ಓಡಿಸುವವರು ಪೆಟ್ರೋಲ್ ಕೊಳ್ಳಿ. ವಾರಕ್ಕೊಮ್ಮೆಯಾದರೂ ಹಾಸನ, ತುಮಕೂರು, ಮೈಸೂರು ಅಂತ ಹೆದ್ದಾರಿ ಹತ್ತುವವರಿಗೆ ಡೀಸೆಲ್ ಈಗಲೂ ಚೆನ್ನ. ಬಿಎಸ್-6 ಡೀಸೆಲ್ ನೋಡುವಾಗ, ಹಿಂದಿನ ಓನರ್ ಎಲ್ಲಿ ಓಡಿಸುತ್ತಿದ್ದ ಅಂತ ಕೇಳಿ. ಡಿಪಿಎಫ್ ಕಿತ್ತುಹಾಕಿಸಿದ್ದೇನೆ, ಈಗ ಸೂಪರಾಗಿದೆ ಅಂತ ಹೆಮ್ಮೆಯಿಂದ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅದು ಕಾನೂನು ಮುರಿದ ಗಾಡಿ.

ಹಳೇ ಪೆಟ್ರೋಲ್ ಗಾಡಿಗೆ ಒಂದು ಮಾತು. ಈಗ ಬಂಕ್‌ಗಳಲ್ಲಿ ಸಿಗುವುದು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ಜಿಪ್ಸಿ ತಂದ ತಕ್ಷಣ ಪೆಟ್ರೋಲ್ ಹೋಗುವ ರಬ್ಬರ್ ಪೈಪ್‌ಗಳನ್ನೆಲ್ಲ ಹೊಸದು ಹಾಕಿಸಿಬಿಡಿ.

ಆಟೋಮ್ಯಾಟಿಕ್ ಗಾಡಿ ಕೆಸರಿಗೆ ಆಗುತ್ತಾ?

ಚೆನ್ನಾಗಿಯೇ ಆಗುತ್ತದೆ. ಕ್ಲಚ್ ಸುಡುವ ಭಯ ಇಲ್ಲ, ಕಾಲಿಗೆ ಆರಾಮ. ಟ್ರಾಫಿಕ್‌ನಲ್ಲಿ ಓಡಿಸುವವರು ಸುಮ್ನೆ ಜಂಬಕ್ಕೆ ಮ್ಯಾನ್ಯುವಲ್ ತೆಗೆದುಕೊಳ್ಳಬೇಡಿ.

ಎಷ್ಟು ಕಿಲೋಮೀಟರ್ ಓಡಿರಬೇಕು?

ಮೀಟರ್ ನಂಬಬೇಡಿ. ಸರ್ವಿಸ್ ದಾಖಲೆ ನಂಬಿ. ಕಂಪನಿ ಸರ್ವಿಸ್ ಸೆಂಟರಿಗೆ ನಂಬರ್ ಕೊಟ್ಟರೆ ಯಾವ ತಾರೀಖು ಎಷ್ಟು ಕಿಲೋಮೀಟರ್ ಇತ್ತು ಅಂತ ಕಂಪ್ಯೂಟರಿನಲ್ಲಿ ಇರುತ್ತದೆ. ಮಾರುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ತೆಗೆಸಿ. ಬೇಡ ಅಂತ ನೆಪ ಹೇಳಿದರೆ ಅದೇ ಉತ್ತರ.

ಇನ್ನೊಂದು ವಿಷಯ. ಆರು ವರ್ಷದಲ್ಲಿ ಹದಿನೈದು ಸಾವಿರ ಮಾತ್ರ ಓಡಿದ ಗಾಡಿ ನೋಡಿ ಬಾಯಲ್ಲಿ ನೀರು ಬರಿಸಿಕೊಳ್ಳಬೇಡಿ. ನಿಂತ ಗಾಡಿ ಕೆಡುತ್ತದೆ. ಸೀಲ್‌ಗಳು ಒಣಗುತ್ತವೆ, ಬ್ರೇಕ್ ಹಿಡಿದುಕೊಳ್ಳುತ್ತದೆ. ಮುಖ್ಯವಾಗಿ ಒಂದು ಸಲವೂ ಫೋರ್ ವೀಲ್ ಹಾಕದ ಗಾಡಿಯ ಲಿವರ್ ಬೇಕಾದ ದಿನ ಮಿಸುಕುವುದಿಲ್ಲ. ಮಾರುವವರು "ಸಾರ್, ಒಂದ್ಸಲಾನೂ ಫೋರ್ ವೀಲ್ ಹಾಕಿಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಅದು ಹೊಗಳಿಕೆ ಅಲ್ಲ, ಎಚ್ಚರಿಕೆ. ಕೆಸರಿಗೆ ಇಳಿದು, ಮನೆಗೆ ಬಂದು ತೊಳೆಸಿಕೊಂಡು, ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿಕೊಂಡ ಗಾಡಿಯೇ ಎಷ್ಟೋ ಮೇಲು.

ಗಾಡಿ ನೋಡಲು ಹೋದಾಗ ಏನೇನು ನೋಡಬೇಕು?

ಬೆಳಿಗ್ಗೆ ಹೋಗಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡಲು ಮುಂಚೆಯೇ ಬಿಸಿ ಮಾಡಿದ್ದಾರೆ.

ಸ್ಟಾರ್ಟ್ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ಅಲ್ಲೇ ಮೇಲಿಡಿ. ಮುಚ್ಚಳ ಕುಣಿದು ಬಿದ್ದರೆ, ಒಳಗಿಂದ ಉಸಿರು ಜೋರಾಗಿ ಬರುತ್ತಿದ್ದರೆ, ಎಂಜಿನ್ ಕೆಲಸ ಹತ್ತಿರದಲ್ಲಿದೆ.

ಈಗ ಚಾಪೆ ಹಾಸಿ ಕೆಳಗೆ ಮಲಗಿ. ಕೈಯಲ್ಲಿ ಟಾರ್ಚ್ ಇರಲಿ. ಮೊದಲು ಮುಂದೆ ಒಂದು, ಹಿಂದೆ ಒಂದು, ಎರಡು ಶಾಫ್ಟ್ ಇದೆಯಾ ನೋಡಿ. ನನ್ನ ಹಾಗೆ ಆಗಬಾರದು. ಶಾಫ್ಟ್ ಹಿಡಿದು ತಿರುಚಿ. ಜಾಯಿಂಟ್ ಕ್ರಾಸ್ ಸವೆದಿದ್ದರೆ ಟಕ್ ಟಕ್ ಅನ್ನುತ್ತದೆ. ಎರಡೂ ಡಿಫರೆನ್ಷಿಯಲ್, ಅಂದರೆ ಮೆಕ್ಯಾನಿಕ್‌ಗಳ ಬಾಯಲ್ಲಿ 'ಕ್ರೌನ್', ಅವುಗಳ ಕೆಳಗೆ ಆಯಿಲ್ ಜಿನುಗಿದೆಯಾ ನೋಡಿ. ಪೂರ್ತಿ ಒಣಗಿದ ಹಳೇ ಗಾಡಿ ಸಿಗುವುದು ಕಷ್ಟ. ತೇವ ಇದ್ದರೆ ಪರವಾಗಿಲ್ಲ, ಹನಿ ಬೀಳುತ್ತಿದ್ದರೆ ಬೆಲೆ ಇಳಿಸಿ.

ಮೆಕ್ಯಾನಿಕ್ ಜೊತೆಗಿದ್ದರೆ ಡಿಫರೆನ್ಷಿಯಲ್‌ನ ಬೋಲ್ಟ್ ಸಡಿಲಿಸಿ ಎರಡು ಹನಿ ಆಯಿಲ್ ಬೆರಳಿಗೆ ತೆಗೆಸಿ. ಜೇನಿನ ಬಣ್ಣ ಇರಲಿ, ಕಪ್ಪಗಿರಲಿ, ನಡೆಯುತ್ತದೆ. ಹಾಲು ಹಾಕಿದ ಕಾಫಿ ಥರ ಇದ್ದರೆ ಒಳಗೆ ನೀರು ಹೋಗಿದೆ. ಹೊಳೆ ದಾಟಿಸಿದ್ದಾರೆ, ಆಮೇಲೆ ಯಾರೂ ತಿರುಗಿ ನೋಡಿಲ್ಲ. ಆ ಆಯಿಲ್‌ನಲ್ಲಿ ಓಡಿದ ಬೇರಿಂಗ್‌ಗಳು ಜಾಸ್ತಿ ದಿನ ಬರುವುದಿಲ್ಲ.

ಚಾಸಿ. ಇದು ಕೆಟ್ಟರೆ ಉಳಿದದ್ದೆಲ್ಲ ಹೊಸದಿದ್ದರೂ ದಂಡ. ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಅಡ್ಡಪಟ್ಟಿಗಳ ಮೂಲೆ, ಹಿಂದಿನ ಬಂಪರ್ ಹಿಂಬದಿ, ಇಲ್ಲೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದದ್ದು ಡಬ್ ಅನ್ನುತ್ತದೆ, ಪದರ ಉದುರುತ್ತದೆ. ಹೊಸದಾಗಿ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರೆ ಜಾಸ್ತಿ ಅನುಮಾನ ಪಡಿ. ಮಂಗಳೂರು, ಉಡುಪಿ, ಕಾರವಾರದ ಗಾಡಿಗಳಿಗೆ ಉಪ್ಪು ಗಾಳಿಯ ತುಕ್ಕು ಇರುತ್ತದೆ. ಸಮುದ್ರದ ಮರಳಲ್ಲಿ ಆಟ ಆಡಿಸಿದ್ದರೆ ಕೇಳುವುದೇ ಬೇಡ. ಒಳಗೆ ಕಾಲಡಿಯ ಮ್ಯಾಟ್ ಎತ್ತಿ ನೋಡುವುದನ್ನು ಮರೆಯಬೇಡಿ.

ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ಹೋಲಿಸಿ. ಜೀಪುಗಳಲ್ಲಿ ಎಂಜಿನ್ ಬದಲಿಸುವುದು ತೀರಾ ಸಾಮಾನ್ಯ. ಆರ್‌ಸಿಯಲ್ಲಿ ಬದಲಾಗಿರುವುದಿಲ್ಲ, ಅದು ನಿಮ್ಮ ತಲೆ ಮೇಲೆ ಬರುತ್ತದೆ.

ಟೆಸ್ಟ್ ಡ್ರೈವ್‌ನಲ್ಲಿ ಫೋರ್ ವೀಲ್ ಹೇಗೆ ನೋಡುವುದು?

ಟಾರ್ ರಸ್ತೆಯಲ್ಲಿ ನೋಡಬೇಡಿ. ಲಿವರ್ ಮಾದರಿಯ ಗಾಡಿಗಳಲ್ಲಿ ಹಿಂದಿನ ಮುಂದಿನ ಶಾಫ್ಟ್ ಒಂದಕ್ಕೊಂದು ಬಿಗಿಯಾಗಿ ಸೇರಿರುತ್ತವೆ. ತಿರುಗುವಾಗ ಮುಂದಿನ ಚಕ್ರ ದೂರ ಹೋಗಬೇಕು, ಹಿಂದಿನದು ಹತ್ತಿರ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿ ಮಾಡಿಕೊಳ್ಳುತ್ತದೆ. ಒಣ ಟಾರಿನಲ್ಲಿ ಜಾರಲು ಆಗದೆ ಆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ.

ಬಯಲು, ಕ್ರಿಕೆಟ್ ಮೈದಾನ, ಜಲ್ಲಿ ಹಾಕಿದ ಸೈಟ್ ಹುಡುಕಿ. ಫೋರ್ ಹೈ (ಮಾಮೂಲಿ ಗೇರಿನಲ್ಲೇ ನಾಲ್ಕೂ ಚಕ್ರಕ್ಕೆ ಬಲ) ಹಾಕಿ ನಿಧಾನಕ್ಕೆ ಹೋಗುತ್ತಾ ಸ್ಟೀರಿಂಗ್ ಪೂರ್ತಿ ತಿರುಗಿಸಿ. ಗಾಡಿ ಹಿಡಿದು ಹಿಡಿದು ಬಿಟ್ಟ ಹಾಗೆ, ಯಾರೋ ಹಿಂದಿನಿಂದ ಎಳೆದ ಹಾಗೆ ಅನ್ನಿಸಬೇಕು. ಅನ್ನಿಸಿದರೆ ಮುಂದಿನ ಚಕ್ರ ಸೇರಿದೆ ಅಂತ ಅರ್ಥ. ಬೆಣ್ಣೆಯ ಹಾಗೆ ತಿರುಗಿದರೆ ಹಬ್ ಲಾಕ್ ಆಗಿಲ್ಲ. ಆಮೇಲೆ ಜೊತೆಗಿರುವವರನ್ನು ಹೊರಗೆ ನಿಲ್ಲಿಸಿ, ಸಡಿಲ ಜಲ್ಲಿಯಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿ. ಮುಂದಿನ ಚಕ್ರವೂ ಕಲ್ಲು ಚಿಮ್ಮಿಸಬೇಕು.

ಗಾಡಿ ನಿಲ್ಲಿಸಿ ಲೋ ಹಾಕಿ. ಹತ್ತಡಿ ಹೋಗಿ, ರಿವರ್ಸ್‌ನಲ್ಲಿ ಹತ್ತಡಿ ಬನ್ನಿ. ಮತ್ತೆ ಟೂ ಹೈಗೆ, ಅಂದರೆ ಬರೀ ಹಿಂದಿನ ಚಕ್ರದ ಮಾಮೂಲಿ ಸ್ಥಿತಿಗೆ, ತನ್ನಿ. ವಾಪಸ್ ಬರಲು ಹಠ ಮಾಡಿದರೆ ನಾಲ್ಕಡಿ ಹಿಂದಕ್ಕೆ ಬಿಡಿ, ಬಿಡಿಸಿಕೊಳ್ಳುತ್ತದೆ. ಆಗಲೂ ಬರದಿದ್ದರೆ ಒಳಗೆ ತೊಂದರೆ ಇದೆ.

ಜಿಪ್ಸಿ, ಜಿಮ್ನಿಗಳಲ್ಲಿ ಮುಂದಿನ ಆಕ್ಸಲ್ ಒಂದೇ ತುಂಡು. ಅರವತ್ತರಿಂದ ಎಂಬತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಬಿದ್ದಾಗ ಸ್ಟೀರಿಂಗ್ ಗಡಗಡ ನಡುಗಲು ಶುರುವಾಗಿ ನಿಲ್ಲದಿದ್ದರೆ ಕಿಂಗ್‌ಪಿನ್ ಬೇರಿಂಗ್, ಸ್ಟೀರಿಂಗ್ ಜಾಯಿಂಟ್, ಬುಷ್ ಇವುಗಳಲ್ಲಿ ಏನೋ ಸವೆದಿದೆ. ಸರಿ ಮಾಡಿಸಬಹುದು, ಆದರೆ ಆ ದುಡ್ಡು ಬೆಲೆಯಲ್ಲಿ ಕಳೆಯಲಿ.

ಡಸ್ಟರ್‌ನಂಥ ಎಡಬ್ಲ್ಯೂಡಿಗೆ ಬೇರೆ ಪರೀಕ್ಷೆ. ನಾಬ್ ಲಾಕ್‌ಗೆ ತಿರುಗಿಸಿ, ಹಿಂದಿನ ಎರಡೂ ಚಕ್ರ ಒಳ್ಳೇ ನೆಲದ ಮೇಲಿರುವ ಹಾಗೆ ಮುಂದಿನ ಎರಡೂ ಚಕ್ರ ಕೆಸರಲ್ಲಿಟ್ಟು ಆಕ್ಸಿಲರೇಟರ್ ಒತ್ತಿ. ಹಿಂದಿನಿಂದ ತಳ್ಳಿದ ಹಾಗೆ ಗಾಡಿ ಮುಂದೆ ಬರಬೇಕು.

ಮಾಡಿಫೈ ಮಾಡಿದ ಗಾಡಿ ಕೊಳ್ಳಬಹುದಾ?

ಬೇಡ. ಎತ್ತರಿಸಿದ ಸಸ್ಪೆನ್ಷನ್, ದೊಡ್ಡ ಟೈರ್, ಸ್ನಾರ್ಕೆಲ್, ದೀಪದ ಸಾಲು ನೋಡಲು ಚೆಂದ. ಆದರೆ ಕಂಪನಿ ಕೊಟ್ಟ ಮೂಲ ರೂಪ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬುಲ್‌ಬಾರ್ ಬೇಡ ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ದಂಡ ಒಂದು ಕಡೆ, ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲಿ ತಕರಾರು ಇನ್ನೊಂದು ಕಡೆ. ಅದಕ್ಕಿಂತ ಹೆಚ್ಚಾಗಿ, ಇಷ್ಟೆಲ್ಲ ಹಾಕಿಸಿದವನು ಗಾಡಿಯನ್ನು ಪ್ರದರ್ಶನಕ್ಕೆ ಇಟ್ಟಿರಲಿಲ್ಲ ಅಲ್ವಾ?

ಟೈರ್?

ಟೈರಿನ ಪಕ್ಕ ನಾಲ್ಕು ಅಂಕಿ ಇರುತ್ತದೆ. 2321 ಅಂದರೆ 2021ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಮೇಲಿನ ಗೀರುಗಳು ಎಷ್ಟೇ ಆಳ ಇರಲಿ, ಹೊಸ ಟೈರಿನ ದುಡ್ಡು ಲೆಕ್ಕಕ್ಕೆ ಸೇರಿಸಿ. ನಾಲ್ಕೂ ಒಂದೇ ಅಳತೆ, ಹೆಚ್ಚುಕಮ್ಮಿ ಒಂದೇ ಸವೆತ ಇರಬೇಕು. ಎರಡು ಹೊಸದು ಎರಡು ಹಳೇದು ಹಾಕಿದರೆ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಎಡಬ್ಲ್ಯೂಡಿಯ ಕ್ಲಚ್ ಬೇಗ ಸುಟ್ಟುಹೋಗುತ್ತದೆ. ಊರಿಗೆ ಆಲ್ ಟೆರೇನ್ ಸಾಕು. ಮಡ್ ಟೈರ್ ಟಾರಿನಲ್ಲಿ ಜೇನು ಹುಳದ ಹಾಗೆ ಗುಂಯ್ ಅನ್ನುತ್ತದೆ, ಮಳೆಯಲ್ಲಿ ಬ್ರೇಕ್ ಹಿಡಿಯುವುದೂ ಕಡಿಮೆ.

ದೆಹಲಿ ಕಡೆಯ ಗಾಡಿ ತುಂಬಾ ಕಡಿಮೆ ಬೆಲೆಗೆ ಸಿಗುತ್ತಿದೆ. ತರಿಸಲಾ?

ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧದ ಆದೇಶಗಳು ಬಂದಿದ್ದವು. ಅದಕ್ಕೇ ಎಂಟೊಂಬತ್ತು ವರ್ಷದ ಗಾಡಿಗಳನ್ನು ಅಗ್ಗಕ್ಕೆ ಬಿಡುವುದು ರೂಢಿಯಾಯಿತು. ಆದರೆ ಇಲ್ಲಿ ಮರುನೋಂದಣಿ ಮಾಡಿಸಲು ಅಲ್ಲಿನ ಎನ್‌ಒಸಿ ಬೇಕು, ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಗಾಡಿ ಹಳೇದಾದಷ್ಟೂ ತೆರಿಗೆ ಕಡಿಮೆ, ಆದರೂ ದುಬಾರಿ ಗಾಡಿಗೆ ಅದು ದೊಡ್ಡ ಮೊತ್ತವೇ. ಹತ್ತಿರದ ಆರ್‌ಟಿಒದಲ್ಲಿ ನಿಮ್ಮ ಗಾಡಿಯ ಲೆಕ್ಕ ಕೇಳಿಕೊಂಡು, ಲಾರಿ ಬಾಡಿಗೆ, ಓಡಾಟ ಎಲ್ಲ ಸೇರಿಸಿ ನೋಡಿ. ಬಹಳ ಸಲ ಲಾಭ ಉಳಿಯುವುದೇ ಇಲ್ಲ.

ಆರ್ಮಿ ಡಿಸ್ಪೋಸಲ್ ಜಿಪ್ಸಿ?

ಹವ್ಯಾಸಕ್ಕೆ ಸರಿ. ಕಾಗದ ಪತ್ರ ಪೂರ್ತಿಯಾಗಿ, ಖಾಸಗಿ ಹೆಸರಿಗೆ ನೋಂದಣಿ ಆಗಿರುವುದು ಕಣ್ಣಾರೆ ನೋಡಿದ ಮೇಲೆ ಮಾತ್ರ ದುಡ್ಡು ಬಿಚ್ಚಿ. "ಪೇಪರ್ ಆಗ್ತಾ ಇದೆ ಸಾರ್" ಅನ್ನುವ ಮಾತು ಎರಡು ವರ್ಷ ಕೇಳಬೇಕಾಗಬಹುದು.

ಕೊಡಚಾದ್ರಿ, ಮಾಂದಲ್‌ಪಟ್ಟಿಯಲ್ಲಿ ಓಡುವ ಜೀಪುಗಳು ಅಷ್ಟು ಗಟ್ಟಿ ಇರುತ್ತವಲ್ಲ, ಅಂಥದ್ದೇ ಕೊಂಡರೆ?

ಗಟ್ಟಿ ಇರುವುದು ಆ ಡ್ರೈವರ್‌ಗಳು. ಅವರು ದಿನಾ ಸಂಜೆ ಗಾಡಿ ಕೆಳಗೆ ಮಲಗಿ ಬೋಲ್ಟ್ ಬಿಗಿಯುತ್ತಾರೆ, ಗ್ರೀಸ್ ಹೊಡೆಯುತ್ತಾರೆ. ಅಂಥ ಗಾಡಿ ದುಡಿದು ದುಡಿದು ಸವೆದಿರುತ್ತದೆ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯಾ ಅಂತ ಬಿ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ (ಆರ್‌ಟಿಒ ಕೊಡುವ ಗಾಡಿಯ ದಾಖಲೆಯ ಪ್ರತಿ) ನೋಡಿಕೊಳ್ಳಿ.

ಕಾಗದ ಪತ್ರದಲ್ಲಿ ಏನು ನೋಡಬೇಕು?

ಆರ್‌ಟಿಒದಿಂದ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಎಷ್ಟನೇ ಓನರ್, ಸಾಲ ಇದೆಯಾ, ತೆರಿಗೆ ಕಟ್ಟಿದೆಯಾ ಎಲ್ಲ ಗೊತ್ತಾಗುತ್ತದೆ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಬೇಕು. ಹೆಸರು ಬದಲಾವಣೆಗೆ ಫಾರಂ 29, 30. ಬೇರೆ ರಾಜ್ಯದ್ದಾದರೆ ಫಾರಂ 28. ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ನಂಬರ್ ಹಾಕಿ ನೋಡಿ. ಬೆಂಗಳೂರಿನ ಗಾಡಿಯಾದರೆ ಒಮ್ಮೊಮ್ಮೆ ಗಾಡಿಗಿಂತ ದಂಡವೇ ಜಾಸ್ತಿಯೇನೋ ಅನ್ನಿಸುತ್ತದೆ. ಹದಿನೈದು ವರ್ಷ ಹತ್ತಿರ ಬಂದಿದ್ದರೆ ಎಫ್‌ಸಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಆರ್‌ಸಿ ನವೀಕರಿಸಬೇಕು. ಆಮೇಲೆ ಐದು ವರ್ಷಕ್ಕೊಮ್ಮೆ ಅದೇ ಕೆಲಸ.

ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ನೋ ಕ್ಲೇಮ್ ಬೋನಸ್ ಹಳೇ ಓನರ್‌ದು, ಅದು ಗಾಡಿ ಜೊತೆ ಬರುವುದಿಲ್ಲ.

ಕೊಂಡ ಮೇಲೆ ಎಷ್ಟು ಖರ್ಚು ಇಟ್ಟುಕೊಳ್ಳಬೇಕು?

ಗಾಡಿ ಬೆಲೆಯ ಹತ್ತನೇ ಒಂದು ಭಾಗ ಪಕ್ಕಕ್ಕಿಡಿ ಅನ್ನುತ್ತೇನೆ. ಇದು ನನ್ನ ಲೆಕ್ಕ. ತಂದ ವಾರವೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಐದರ ಆಯಿಲ್ಲೂ ಬದಲಿಸಿ. ಮೆಕ್ಯಾನಿಕ್‌ಗಳು ಮೊದಲೆರಡು ಮಾಡಿ ಉಳಿದ ಮೂರನ್ನು ಮರೆಯುತ್ತಾರೆ. ಪಕ್ಕದಲ್ಲೇ ನಿಂತು ಎಣಿಸಿ.

ಇದನ್ನು ಎಲ್ಲಿ ಬೇಕಾದರೂ ಇಳಿಸಬಹುದಾ?

ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು ಅಪರಾಧ. ಶೋಲಾ ಹುಲ್ಲುಗಾವಲಿನ ಮೇಲೆ ಚಕ್ರದ ಗುರುತು ಬಿದ್ದರೆ ಮುಂದಿನ ಮಳೆಗೆ ಅದೇ ಕೊರಕಲಾಗುತ್ತದೆ. ಸ್ವಂತ ತೋಟ, ಸ್ನೇಹಿತರ ಜಮೀನು, ಹಳ್ಳಿಯ ಬಂಡಿ ದಾರಿ ಇಷ್ಟರಲ್ಲೇ ಬೇಕಾದಷ್ಟು ಕೆಸರು ಸಿಗುತ್ತದೆ.

ಊರಲ್ಲೇ ಓಡಿಸುವಾಗ ಫೋರ್ ವೀಲ್ ಬಳಸುವುದೇ ಇಲ್ಲ. ಏನಾದರೂ ಮಾಡಬೇಕಾ?

ತಿಂಗಳಿಗೊಮ್ಮೆ ಯಾವುದಾದರೂ ಮಣ್ಣಿನ ಬಯಲಿಗೆ ಹೋಗಿ. ಫೋರ್ ಹೈಯಲ್ಲಿ ಒಂದೆರಡು ಕಿಲೋಮೀಟರ್, ಲೋದಲ್ಲಿ ನೂರು ಅಡಿ ಓಡಿಸಿ. ಒಳಗಿನ ಆಯಿಲ್ ಮೇಲಿನ ಗೇರಿಗೂ ಮುಂದಿನ ಸೀಲಿಗೂ ಮುಟ್ಟುತ್ತದೆ, ಲಿವರಿನ ಕೀಲು ಹಿಡಿದುಕೊಳ್ಳುವುದಿಲ್ಲ. ನಾನು ಪ್ರತಿ ತಿಂಗಳ ಮೊದಲ ಭಾನುವಾರ, ಮನೆ ಹತ್ತಿರದ ಖಾಲಿ ಸೈಟಿನಲ್ಲಿ ಹೀಗೆ ಎರಡು ಸುತ್ತು ಹೊಡೆಯುತ್ತೇನೆ. ಪಕ್ಕದ ಮನೆಯ ಅಜ್ಜಿ ಮೊದಮೊದಲು, ಪಾಪ, ಇವನು ಈಗ ಡ್ರೈವಿಂಗ್ ಕಲೀತಿದ್ದಾನೆ ಅಂದುಕೊಂಡಿದ್ದರಂತೆ.